ಮಾಲೆ ಹಾಕದೆ ಮಾಡಿದ ನಲವತ್ತು ದಿನದ ವ್ರತ



ಇವತ್ತು 2022ರ ಮೇ 4. ಎರಡು ವರ್ಷದ ಹಿಂದೆ ಇದೇ ದಿನ, ಸೋಮವಾರ ಬೆಳಿಗ್ಗೆ, ಟಿ.ವಿ. ಮುಂದೆ ಕೂತು ನೀವು ಏನು ನೋಡ್ತಿದ್ರಿ, ಸ್ವಲ್ಪ ನೆನಪು ಮಾಡ್ಕೊಳ್ಳಿ. ನಾನು ಹೇಳ್ತೀನಿ. ಕ್ಯೂ ನೋಡ್ತಿದ್ರಿ. ವೈನ್ ಶಾಪ್ ಮುಂದಿನ ಕ್ಯೂ. ಸುಣ್ಣದಲ್ಲಿ ಬರೆದ ವೃತ್ತದೊಳಗೆ ನಿಂತ ಗಂಡಸರು, ವೃತ್ತದೊಳಗೆ ಚಪ್ಪಲಿ ಬಿಟ್ಟು ನೆರಳಿಗೆ ಹೋಗಿ ಕೂತ ಗಂಡಸರು. ಅಂಗಡಿ ಬಾಗಿಲಿಗೆ ತೆಂಗಿನಕಾಯಿ ಒಡೆದವರು, ಪಟಾಕಿ ಹೊಡೆದವರು. ಅವತ್ತು ಇಡೀ ದಿನ ನಾವು ತೋರಿಸಿದ್ದು ಅದನ್ನೇ. ನಕ್ಕಿದ್ವಿ, ನಿಮ್ಮನ್ನೂ ನಗಿಸಿದ್ವಿ.

ಮೊದಲನೇ ದಿನ 45 ಕೋಟಿ. ಎರಡನೇ ದಿನ 197 ಕೋಟಿ. ಮೂರನೇ ದಿನ 230 ಕೋಟಿ ದಾಟಿತು. ಕ್ರಿಕೆಟ್ ಸ್ಕೋರ್ ಹೇಳಿದ ಹಾಗೆ ನಾವೇ ಹೇಳಿದ್ವಿ ಆ ಅಂಕಿಗಳನ್ನ. ನಾನೂ ಹೇಳಿದೀನಿ, ಇದೇ ಕುರ್ಚಿಯಲ್ಲಿ ಕೂತು.

ಆದ್ರೆ ಆ ಕ್ಯೂಗೆ ಮುಂಚೆ ಒಂದು ಕಾಲ ಇತ್ತಲ್ಲ, ಅದರ ಬಗ್ಗೆ ನಾವು ಮಾತಾಡಲೇ ಇಲ್ಲ. 2020ರ ಮಾರ್ಚ್ 25ರಿಂದ ಮೇ 3ರವರೆಗೆ. ಬೆರಳು ಮಡಚಿ ಎಣಿಸಿ ನೋಡಿ, ಸರಿಯಾಗಿ ನಲವತ್ತು ದಿನ. ಈ ನಲವತ್ತು ದಿನ ಕರ್ನಾಟಕದಲ್ಲಿ ಕಾನೂನು ಪ್ರಕಾರ ಒಂದು ಹನಿ ಮದ್ಯ ಮಾರಾಟ ಆಗಲಿಲ್ಲ. ಬೀಡಿ ಸಿಗರೇಟು ಕೂಡ ಬಾಗಿಲು ಮುಚ್ಚಿದ ಅಂಗಡಿಯ ಹಿಂದೆ, ಕದ್ದು ಮುಚ್ಚಿ.

ನಲವತ್ತು ಅಂದಾಗ ನನಗೆ ಅಯ್ಯಪ್ಪನ ಮಾಲೆ ನೆನಪಾಗುತ್ತೆ. ನಮ್ಮ ಹಳೇ ಮೈಸೂರು ಕಡೆ ಕಾರ್ತಿಕ ಬಂತು ಅಂದ್ರೆ ಊರಿಗೆ ಹತ್ತಾರು ಜನ ಮಾಲೆ ಹಾಕ್ತಾರೆ. 41 ದಿನದ ವ್ರತ. ವರ್ಷವಿಡೀ ಕುಡಿಯೋನು ಕುಡಿಯಲ್ಲ, ದಿನಕ್ಕೆ ಎರಡು ಪ್ಯಾಕ್ ಸೇದೋನು ಸೇದಲ್ಲ. ಹೆಂಡತಿ ಮಕ್ಕಳು ಆ 41 ದಿನ ನೆಮ್ಮದಿಯಾಗಿ ನಿದ್ದೆ ಮಾಡ್ತಾರೆ. ಮಾಲೆ ಬಿಚ್ಚಿದ ದಿನ ಸಂಜೆ? ಅದು ನಿಮಗೇ ಗೊತ್ತು. 2020ರಲ್ಲಿ ಇಡೀ ರಾಜ್ಯಕ್ಕೆ ಕೊರೋನಾ ಮಾಲೆ ಹಾಕಿತ್ತು. ಒಂದೇ ದಿನ ಕಡಿಮೆ. ಮೇ 4ಕ್ಕೆ ಮಾಲೆ ಬಿಚ್ಚಿದ್ವಿ. ಬಿಚ್ಚಿದ ಮೇಲೆ ಏನಾಯ್ತು ಅನ್ನೋದೇ ಇವತ್ತಿನ ಮಾತು.

ಕಳೆದ ವಾರ ನಾನು ಕ್ಯಾಮೆರಾ ಇಲ್ಲದೆ ಒಂದು ದಾರಿ ಹಿಡಿದು ಹೋದೆ. ಅರಸೀಕೆರೆ, ಬಾಣಾವರ, ಜಾವಗಲ್, ಹಳೇಬೀಡು, ಬೇಲೂರು. ಈ ದಾರಿಯನ್ನೇ ಯಾಕೆ ಆರಿಸಿಕೊಂಡೆ ಅಂದ್ರೆ, ಇದರಲ್ಲಿ ಎಲ್ಲಾ ಥರದ ಊರೂ ಇದೆ. ಒಂದು ಕಡೆ ತೆಂಗಿನ ತೋಟ, ರೈಲ್ವೆ ಜಂಕ್ಷನ್, ಕೊಬ್ಬರಿ ವ್ಯಾಪಾರ. ಇನ್ನೊಂದು ಕಡೆ ಪ್ರವಾಸಿಗರನ್ನೇ ನಂಬಿದ ಎರಡು ಊರು. ಬೇಲೂರು ದಾಟಿದ್ರೆ ಕಾಫಿ ತೋಟದ ಕೂಲಿ. ಇನ್ನೂ ಒಂದು ಕಾರಣ ಇದೆ. 2020ರ ಆ ನಲವತ್ತು ದಿನದಲ್ಲಿ ಹಾಸನ ಜಿಲ್ಲೆಯಲ್ಲಿ ಒಂದೇ ಒಂದು ಕೊರೋನಾ ಕೇಸ್ ಇರಲಿಲ್ಲ. ಹಸಿರು ವಲಯ. ಮೊದಲ ಐದು ಕೇಸ್ ಬಂದಿದ್ದು ಮೇ 12ಕ್ಕೆ, ಮುಂಬೈಯಿಂದ ಬಂದವರಲ್ಲಿ. ಅಂದ್ರೆ ಈ ಜಿಲ್ಲೆಗೆ ಕಾಯಿಲೆ ಬರೋಕೆ ಮುಂಚೆ ಅದರ ಬಂದ್ ಬಂದಿತ್ತು. ಜ್ವರ ಇರಲಿಲ್ಲ, ಕೆಲಸವೂ ಇರಲಿಲ್ಲ, ಎಣ್ಣೆಯೂ ಇರಲಿಲ್ಲ.

ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಒಬ್ಬ ಹೆಂಗಸು ಸಿಕ್ಕಿದ್ರು. ಗಂಡ ತೋಟಗಳಲ್ಲಿ ಕಾಯಿ ಸುಲಿಯೋ ಕೆಲಸ. ಈಯಮ್ಮನೂ ಕೂಲಿಗೆ ಹೋಗ್ತಾರೆ, ಸಂಘದಲ್ಲಿ ಸಾಲ ಇದೆ. ನಾನು ಕೇಳಿದೆ, ‘ಅಕ್ಕ, ಆ ಲಾಕ್‌ಡೌನಲ್ಲಿ ಕಷ್ಟ ಆಯ್ತಾ?’ ಅವರು ನನ್ನ ಮುಖ ನೋಡಿ, ‘ಸುಳ್ಳು ಯಾಕೆ ಹೇಳ್ಲಿ ಅಣ್ಣ. ಕೂಲಿ ಇರಲಿಲ್ಲ ನಿಜ. ರೇಷನ್ ಅಕ್ಕಿ ಬಂತು, ಸಾರಿಗೆ ಸೊಪ್ಪು ಇತ್ತು. ಮದುವೆ ಆಗಿ ಹದಿನಾಲ್ಕು ವರ್ಷದಲ್ಲಿ ನಾನು ಹೊಸ ಸಾಲ ಮಾಡದೇ ಇದ್ದ ಕಾಲ ಅಂದ್ರೆ ಅದೊಂದೇ’ ಅಂದ್ರು.

ಯೋಚನೆ ಮಾಡಿ ಸ್ವಾಮಿ. ಕೂಲಿ ನಿಂತುಹೋದ ಕಾಲದಲ್ಲಿ ಒಂದು ಮನೆ ಸಾಲ ಮಾಡಲಿಲ್ಲ. ಕೂಲಿ ಇದ್ದ ಕಾಲದಲ್ಲಿ ಪ್ರತಿ ತಿಂಗಳೂ ಸಾಲ. ಈ ಲೆಕ್ಕ ಯಾವ ಅರ್ಥಶಾಸ್ತ್ರಿಯೂ ಬರೆದುಕೊಳ್ಳಲಿಲ್ಲ. ಆ ಹೆಂಗಸಿನ ಪ್ರಕಾರ ಗಂಡ ಮೊದಲ ವಾರ ಕೂಗಾಡಿದ, ಬೆವರಿದ, ನಿದ್ದೆ ಇಲ್ಲದೆ ಜಗಲಿ ಮೇಲೆ ಕೂತಿರ್ತಿದ್ದ. ಎರಡನೇ ವಾರ ಊಟ ಸೇರೋಕೆ ಶುರು ಆಯ್ತು. ಮೂರನೇ ವಾರ ಮಗಳಿಗೆ ತೆಂಗಿನ ಗರಿಯಲ್ಲಿ ಪೀಪಿ ಮಾಡಿಕೊಟ್ಟ. ‘ಅವಯ್ಯಂಗೆ ಅದು ಮಾಡೋಕೆ ಬರ್ತದೆ ಅಂತ ನಮಗೆ ಗೊತ್ತೇ ಇರಲಿಲ್ಲ’ ಅಂದ್ರು.

ಇದು ಒಂದು ಮುಖ. ಇದನ್ನೇ ಹೇಳಿ ಮುಗಿಸಿದ್ರೆ ನಾನು ಅರ್ಧ ಸತ್ಯ ಹೇಳಿದ ಹಾಗಾಗುತ್ತೆ.

ಎಲ್ಲರಿಗೂ ಮೂರನೇ ವಾರ ಬರಲಿಲ್ಲ. ವರ್ಷಾನುಗಟ್ಟಲೆ ದಿನಾ ಕುಡಿದ ದೇಹಕ್ಕೆ ಒಮ್ಮಿಂದೊಮ್ಮೆಲೇ ಮದ್ಯ ನಿಲ್ಲಿಸಿದ್ರೆ ಏನಾಗುತ್ತೆ ಅಂತ ಡಾಕ್ಟರ್‌ಗಳನ್ನ ಕೇಳಿ. ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು, ವಾಂತಿ. ಒಂದೆರಡು ದಿನದಲ್ಲಿ ಕೆಲವರಿಗೆ ಫಿಟ್ಸ್. ಎರಡು ಮೂರು ದಿನ ಆದಮೇಲೆ ಇನ್ನು ಕೆಲವರಿಗೆ ಇಲ್ಲದ್ದು ಕಾಣುತ್ತೆ, ಇಲ್ಲದ ದನಿ ಕೇಳುತ್ತೆ. ಗೋಡೆ ಮೇಲೆ ಹುಳ ಹರಿದಾಡ್ತಿದೆ ಅಂತಾರೆ, ಯಾರೋ ಕೊಲ್ಲೋಕೆ ಬಂದ್ರು ಅಂತ ಓಡ್ತಾರೆ. ಹಳ್ಳಿಯಲ್ಲಿ ಇದಕ್ಕೆ ಗಾಳಿ ಸೋಕಿದೆ ಅಂತಾರೆ, ತಾಯತ ಕಟ್ಟಿಸ್ತಾರೆ. ಅದು ಗಾಳಿ ಅಲ್ಲ. ಚಿಕಿತ್ಸೆ ಇರೋ ಕಾಯಿಲೆ. ಚಿಕಿತ್ಸೆ ಸಿಗದಿದ್ರೆ ಜೀವ ತೆಗೆಯೋ ಕಾಯಿಲೆ.

ಬೆಂಗಳೂರಿನ ಆಸ್ಪತ್ರೆಗಳ ದಾಖಲೆ ಇಟ್ಟುಕೊಂಡು ವೈದ್ಯರು ಆ ದಿನಗಳ ಬಗ್ಗೆ ಅಧ್ಯಯನ ಮಾಡಿದ್ದಾರೆ. ಲಾಕ್‌ಡೌನ್ ಶುರುವಾದ ಕೂಡಲೇ, ಮದ್ಯ ಸಿಗದೆ ತೀವ್ರವಾಗಿ ಒದ್ದಾಡಿ ಆಸ್ಪತ್ರೆಗೆ ಬಂದವರ ಸಂಖ್ಯೆ ಎರಡು ಪಟ್ಟಾಗಿತ್ತು. ಅದು ಬೆಂಗಳೂರು. ಆಟೋ ಇಲ್ಲದಿದ್ರೂ ಆಂಬುಲೆನ್ಸ್ ಸಿಗೋ ಊರು. ಬಸ್ಸಿಲ್ಲ, ರೈಲಿಲ್ಲ, ದಾರಿಯಲ್ಲಿ ಪೊಲೀಸ್ ಲಾಠಿ ಇರೋ ಹೊತ್ತಲ್ಲಿ ಜಾವಗಲ್ ಹತ್ತಿರದ ಒಂದು ಹಳ್ಳಿಯಿಂದ ಫಿಟ್ಸ್ ಬಂದ ಗಂಡನನ್ನ ಹೆಂಡತಿ ಎಲ್ಲಿಗೆ ಕರ್ಕೊಂಡು ಹೋಗಬೇಕಿತ್ತು?

ಪಕ್ಕದ ಕೇರಳ ಇನ್ನೊಂದು ದಾರಿ ಹಿಡಿಯಿತು. ಡಾಕ್ಟರ್ ಚೀಟಿ ಕೊಟ್ರೆ ಮದ್ಯ ಕೊಡಬಹುದು ಅಂತ 2020ರ ಮಾರ್ಚ್ 30ಕ್ಕೆ ಸರ್ಕಾರ ಆದೇಶ ಮಾಡಿತು. ಡಾಕ್ಟರ್‌ಗಳೇ ಸಿಟ್ಟಾದ್ರು, ‘ಇದು ಔಷಧಿ ಅಲ್ಲ’ ಅಂತ. ಏಪ್ರಿಲ್ 2ಕ್ಕೆ ಹೈಕೋರ್ಟ್ ತಡೆ ಕೊಟ್ಟಿತು. ಆಂಧ್ರದ ಪ್ರಕಾಶಂ ಜಿಲ್ಲೆಯ ಕುರಿಚೇಡು ಅನ್ನೋ ಊರಲ್ಲಿ ಅದೇ ವರ್ಷ ಜುಲೈ ಕೊನೆಗೆ, ಅಂಗಡಿ ಮುಚ್ಚಿದೆ ಅಂತ ಸ್ಯಾನಿಟೈಸರ್ ಕುಡಿದು ಹತ್ತಕ್ಕೂ ಹೆಚ್ಚು ಜನ ಸತ್ತರು. ನಮ್ಮಲ್ಲೂ ಹಲವು ಕಡೆ ಕಳ್ಳಭಟ್ಟಿ ಒಲೆ ಮತ್ತೆ ಹೊತ್ತಿಕೊಂಡವು. ವೈನ್ ಶಾಪಿನ ಶಟರ್ ಮುರಿದವು.

ಇನ್ನೂ ಒಂದು ಮಾತು ಹೇಳಲೇಬೇಕು. ಎಣ್ಣೆ ಇಲ್ಲ ಅಂದ ಕೂಡಲೇ ಎಲ್ಲಾ ಮನೆಯಲ್ಲೂ ಶಾಂತಿ ನೆಲೆಸಿತು ಅಂದ್ಕೋಬೇಡಿ. ರಾಷ್ಟ್ರೀಯ ಮಹಿಳಾ ಆಯೋಗಕ್ಕೆ ಲಾಕ್‌ಡೌನಿಗೆ ಮುಂಚಿನ 25 ದಿನದಲ್ಲಿ ಬಂದ ಕೌಟುಂಬಿಕ ದೌರ್ಜನ್ಯದ ದೂರು 123. ಮಾರ್ಚ್ 23ರಿಂದ ಏಪ್ರಿಲ್ 16ರವರೆಗೆ ಬಂದಿದ್ದು 239. ಅಂಗಡಿ ಮುಚ್ಚಿದ್ದ ಕಾಲದ ಲೆಕ್ಕ ಇದು. ಹಾಗಾಗಿ ಹೊಡೆಯೋ ಕೈಗೆ ಬಾಟಲಿಯೇ ಬೇಕು ಅಂತೇನಿಲ್ಲ. ಬಾಟಲಿ ಒಂದು ನೆಪ, ಒಂದು ಕಾರಣ, ಎರಡೂ ಹೌದು. ಕುಡಿತ ನಿಲ್ಲಿಸಿ ಅಂದ್ರೆ ಸಾಲದು, ನಿಲ್ಲಿಸಿದವನ ಮನಸ್ಸಿಗೆ, ಅವನ ಮನೆಯವರಿಗೆ ಆಸರೆ ಬೇಕು. ಅದನ್ನ ನಾವು ಕೊಡಲಿಲ್ಲ.

ಸರಿ, ಮೇ 4 ಬಂತು. ಮಾಲೆ ಬಿಚ್ಚಿದ್ವಿ.

ಇಲ್ಲೊಂದು ಸೂಕ್ಷ್ಮ ಇದೆ, ಗಮನಿಸಿ. ಮೇ 4ಕ್ಕೆ ತೆಗೆದದ್ದು ಪಾರ್ಸೆಲ್ ಕೊಡೋ ವೈನ್ ಶಾಪ್ ಮತ್ತು ಎಂಎಸ್‌ಐಎಲ್ ಮಳಿಗೆ. ಮೇ 9ರಿಂದ ಬಾರ್‌ಗಳಿಗೂ ಪಾರ್ಸೆಲ್ ಮಾರೋಕೆ ಬಿಟ್ಟರು. ಕೂತು ಕುಡಿಯೋಕೆ ಬಿಟ್ಟಿದ್ದು ಸೆಪ್ಟೆಂಬರ್ 1ಕ್ಕೆ. ಅಂದ್ರೆ ಸುಮಾರು ನಾಲ್ಕು ತಿಂಗಳು ಸರ್ಕಾರ ಹೇಳಿದ್ದೇನು? ಕುಡೀರಿ, ಆದ್ರೆ ಮನೆಗೆ ತಗೊಂಡು ಹೋಗಿ ಕುಡೀರಿ.

ನಮ್ಮ ಕಡೆ ಹಳ್ಳಿಯಲ್ಲಿ ಕುಡಿಯೋನಿಗೂ ಒಂದು ನಾಚಿಕೆ ಇತ್ತು ಸ್ವಾಮಿ. ಟೆಟ್ರಾ ಪ್ಯಾಕ್ ಹಲ್ಲಲ್ಲಿ ಕಚ್ಚಿ ಅಂಗಡಿ ಹಿಂದೆಯೇ ಮುಗಿಸಿ, ಎಲೆಅಡಿಕೆ ಹಾಕ್ಕೊಂಡು ಮನೆಗೆ ಬರ್ತಿದ್ದ. ತಾಯಿ ಮುಂದೆ, ಮಗಳ ಮುಂದೆ ಬಾಟಲಿ ಇಡ್ತಿರಲಿಲ್ಲ. ಆ ನಾಲ್ಕು ತಿಂಗಳಲ್ಲಿ ಬಾಟಲಿ ಹೊಸಿಲು ದಾಟಿತು. ಫ್ರಿಜ್ ಇದ್ದವರ ಮನೆಯಲ್ಲಿ ಫ್ರಿಜ್ಜಿಗೆ ಬಂತು, ಇಲ್ಲದವರ ಮನೆಯಲ್ಲಿ ರಾಗಿ ಡಬ್ಬದ ಪಕ್ಕ ಬಂತು. ಮಕ್ಕಳು ಎಲ್ಲಿದ್ರು? ಮನೆಯಲ್ಲೇ. ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ಕ್ಲಾಸಿನ ಮಕ್ಕಳು ಮತ್ತೆ ಶಾಲೆಗೆ ಹೋಗಿದ್ದು 2021ರ ಅಕ್ಟೋಬರ್ 25ಕ್ಕೆ. ಒಂದೂವರೆ ವರ್ಷಕ್ಕೂ ಮೇಲೆ. ಒಂದೇ ಕೋಣೆಯ ಮನೆ, ಒಂದು ಮೂಲೆಯಲ್ಲಿ ಮೊಬೈಲ್ ಹಿಡಿದು ಪಾಠ ಕೇಳೋ ಮಗು, ಇನ್ನೊಂದು ಮೂಲೆಯಲ್ಲಿ ಅಪ್ಪನ ಕ್ವಾರ್ಟರ್. ಆ ಮಗು ಕಲಿತ ಪಾಠ ಯಾವುದು? ನೀವೇ ಹೇಳಿ.

ಅರಸೀಕೆರೆಯ ಆ ಹೆಂಗಸು ಹೇಳಿದ್ದೂ ಇದನ್ನೇ. ‘ಮೊದಲು ಕುಡಿದು ಬರೋನು ಅಣ್ಣ. ಈಗ ಬಂದು ಕುಡೀತಾನೆ.’ ಎರಡೇ ಮಾತು. ಎರಡು ವರ್ಷದ ಬದಲಾವಣೆ ಅಷ್ಟರಲ್ಲೇ ಇದೆ.

ಈಗ ಹೊಗೆ ವಿಷಯಕ್ಕೆ ಬರೋಣ. ಅರಸೀಕೆರೆ ಬಿಟ್ಟು ಹಳೇಬೀಡಿಗೆ ಬಂದೆ. 2020ರ ಮಾರ್ಚ್ 17ಕ್ಕೆ ಪುರಾತತ್ವ ಇಲಾಖೆ ದೇಶದ ಎಲ್ಲಾ ಸ್ಮಾರಕಗಳ ಬಾಗಿಲು ಹಾಕಿತು. ಲಾಕ್‌ಡೌನಿಗಿಂತ ಒಂದು ವಾರ ಮುಂಚೆಯೇ ಇಲ್ಲಿಯ ಗೈಡ್, ಎಳನೀರು ಮಾರೋನು, ಫೋಟೋ ತೆಗೆಯೋನು, ಎಲ್ಲರ ಅನ್ನ ನಿಂತಿತ್ತು. ಆಗ ಗೈಡ್ ಆಗಿದ್ದ ಒಬ್ಬರು ಈಗ ನನ್ನ ಜೊತೆ ದೇವಸ್ಥಾನದ ಹೊರಗೆ ಕಟ್ಟೆ ಮೇಲೆ ಕೂತರು. ಸಿಗರೇಟ್ ಬಿಟ್ಟೆ ಅಂದ್ರು. ಭೇಷ್ ಅಂದೆ. ‘ಭೇಷ್ ಅನ್ನಬೇಡಿ ಸಾರ್, ಅದರ ಬದಲು ಇದು ಬಂತು’ ಅಂತ ಜೇಬಿಂದ ಎರಡು ಪಾಕೆಟ್ ತೆಗೆದರು. ಒಂದು ಪಾನ್ ಮಸಾಲ, ಇನ್ನೊಂದು ತಂಬಾಕು. ಎರಡನ್ನೂ ಬೆರೆಸಿದ್ರೆ ಗುಟ್ಕಾ. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಿಂದ ನಿಷೇಧ. ಅದಕ್ಕೆ ಬೇರೆ ಬೇರೆ ಮಾರ್ತಾರೆ, ಬಾಯಲ್ಲಿ ಒಂದಾಗುತ್ತೆ.

ಯಾಕೆ ಬದಲಾಯ್ಸಿದ್ರಿ ಅಂದೆ. ‘ಸಿಗರೇಟು ಸೇದೋಕೆ ಮಾಸ್ಕ್ ತೆಗೀಬೇಕು ಸಾರ್, ಜನ ನೋಡ್ತಾರೆ. ಇದನ್ನ ಹಾಕ್ಕೊಂಡು ಮಾಸ್ಕ್ ಹಾಕಿದ್ರೆ ಒಳಗೆ ಏನಿದೆ ಅಂತ ಯಾರಿಗೂ ಕಾಣಲ್ಲ’ ಅಂದ್ರು.

ನೋಡಿ, ಕಾಯಿಲೆ ತಡೆಯೋಕೆ ಕೊಟ್ಟ ಮಾಸ್ಕು ಇನ್ನೊಂದು ಕಾಯಿಲೆಗೆ ಪರದೆ ಆಯ್ತು. ಕೇಂದ್ರ ಗೃಹ ಇಲಾಖೆ 2020ರ ಏಪ್ರಿಲ್ 15ಕ್ಕೆ ಮಾರ್ಗಸೂಚಿ ಹೊರಡಿಸಿ ಮದ್ಯ, ಗುಟ್ಕಾ, ತಂಬಾಕು ಮಾರಬಾರದು, ಸಾರ್ವಜನಿಕ ಜಾಗದಲ್ಲಿ ಉಗುಳಿದ್ರೆ ದಂಡ ಅಂದಿತ್ತು. ಉಗುಳೋದನ್ನ ನಿಲ್ಲಿಸಿದ್ರು, ಜಗಿಯೋದನ್ನ ನಿಲ್ಲಿಸಲಿಲ್ಲ. ಕರ್ನಾಟಕದಲ್ಲಿ ಹೊಗೆ ಬಿಡೋರಿಗಿಂತ ಜಗಿಯೋರೇ ಜಾಸ್ತಿ. 2016-17ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದ ವಯಸ್ಕರಲ್ಲಿ ನೂರಕ್ಕೆ ಸುಮಾರು 23 ಜನ ತಂಬಾಕಿನ ಸಹವಾಸದಲ್ಲಿದ್ದಾರೆ. ಅದರಲ್ಲಿ ಹೊಗೆಯಿಲ್ಲದ ತಂಬಾಕು ಬಳಸೋರು, ಸೇದೋರ ಹತ್ತಿರ ಹತ್ತಿರ ದುಪ್ಪಟ್ಟು.

ಬೇಲೂರಲ್ಲಿ ಬಸ್‌ಸ್ಟ್ಯಾಂಡ್ ಹತ್ತಿರದ ಒಬ್ಬ ಅಂಗಡಿಯವರು ಇನ್ನೊಂದು ಕಥೆ ಹೇಳಿದ್ರು. ಮುಂಚೆ ಜನ ಟೀ ಕುಡೀತಾ ಒಂದು ಬಿಡಿ ಸಿಗರೇಟು ತಗೊಂಡು ಅಲ್ಲೇ ಸೇದಿ ಹೋಗೋರು. ಬಿಡಿಯಾಗಿ ಮಾರೋದನ್ನ ರಾಜ್ಯ ಸರ್ಕಾರ 2017ರಲ್ಲೇ ನಿಷೇಧ ಮಾಡಿದೆ, ಆ ನಿಷೇಧ ಎಷ್ಟು ಅಂಗಡಿಯಲ್ಲಿ ಇದೆ ಅಂತ ನೀವೂ ನೋಡಿದೀರಿ, ನಾನೂ ನೋಡಿದೀನಿ. ಲಾಕ್‌ಡೌನಲ್ಲಿ ಒಂದಕ್ಕೆ ಎರಡು ಪಟ್ಟು, ಮೂರು ಪಟ್ಟು ರೇಟ್ ಕೊಟ್ಟು ಸುಸ್ತಾದ ಜನ, ಅಂಗಡಿ ತೆಗೆದ ಮೇಲೆ ಪ್ಯಾಕ್ ಪ್ಯಾಕೇ ತಗೊಂಡು ಮನೆಯಲ್ಲಿ ಇಟ್ಟುಕೊಳ್ಳೋಕೆ ಶುರು ಮಾಡಿದ್ರು. ನಾಳೆ ಮತ್ತೆ ಮುಚ್ಚಿದ್ರೆ ಅಂತ. ಮನೆಯಲ್ಲಿ ಪ್ಯಾಕ್ ಇದ್ದ ಮೇಲೆ ದಿನಕ್ಕೆ ಮೂರು ಸೇದೋನು ಎಂಟು ಸೇದ್ತಾನೆ. ಬೆಂಗಳೂರಿಂದ ಲ್ಯಾಪ್‌ಟಾಪ್ ಹಿಡ್ಕೊಂಡು ಊರಿಗೆ ಬಂದ ಹುಡುಗರಂತೂ ರಾತ್ರಿ ಪಾಳಿ, ಅಪ್ಪ ಅಮ್ಮ ಮಲಗಿದ ಮೇಲೆ ಕಣದಲ್ಲಿ ನಿಂತು ಸೇದೋರು.

ಒಳ್ಳೇದೂ ಆಗಿದೆ, ಇಲ್ಲ ಅನ್ನಲ್ಲ. ಒಂದೇ ಬೀಡಿಯನ್ನ ಮೂರು ಜನ ಹಂಚಿಕೊಂಡು ಸೇದೋದು ನಿಂತಿತು ಅಂದ್ರು ಅಂಗಡಿಯವರು. ಸೇದೋರಿಗೆ ಕೊರೋನಾ ಬಂದ್ರೆ ಕಾಯಿಲೆ ತೀವ್ರ ಆಗೋ ಸಾಧ್ಯತೆ ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲಿ ಹೇಳಿದ್ದನ್ನ ಕೇಳಿ, ಹೆದರಿ ಬಿಟ್ಟವರೂ ಇದ್ದಾರೆ. ಹೆದರಿಕೆ ಹೋದ ಮೇಲೆ ವಾಪಸ್ ಹೋದವರೂ ಇದ್ದಾರೆ.

ಅಂಗಡಿಯವರು ಮಾತು ಮುಗಿಸಿ ನನ್ನನ್ನ ಒಂದು ಪ್ರಶ್ನೆ ಕೇಳಿದ್ರು. ‘ಸಾರ್, ನೀವು ಬಿಟ್ಟಿದೀರಾ?’

ಉತ್ತರ ನಿಮಗೂ ಹೇಳ್ತೀನಿ. ಆ ನಲವತ್ತು ದಿನ ನಾನು ಇದೇ ಸ್ಟುಡಿಯೋದಲ್ಲಿ ಕೂತು, ಮನೆಯಲ್ಲೇ ಇರಿ, ಶ್ವಾಸಕೋಶ ಕಾಪಾಡ್ಕೊಳ್ಳಿ ಅಂತ ನಿಮಗೆ ಬುದ್ಧಿ ಹೇಳ್ತಿದ್ದೆ. ನನ್ನ ಕಾರಿಗೆ ಪ್ರೆಸ್ ಪಾಸ್ ಇತ್ತು. ರಾತ್ರಿ ಮನೆಗೆ ಹೋಗ್ತಾ, ಶಟರ್ ಅರ್ಧ ಎಳೆದ ಅಂಗಡಿ ಹುಡುಕಿ, ಮೂರು ಪಟ್ಟು ದುಡ್ಡು ಕೊಟ್ಟು ಸಿಗರೇಟು ತಗೊಳ್ತಿದ್ದೆ. ಪಾಸ್ ಇಲ್ಲದ ಕೂಲಿಯವನು ನಲವತ್ತು ದಿನ ಬಿಟ್ಟಿದ್ದ. ಪಾಸ್ ಇದ್ದ ನಾನು ಒಂದು ದಿನವೂ ಬಿಡಲಿಲ್ಲ. ಆ ಆಗಸ್ಟಿನಲ್ಲಿ ನನಗೂ ಕೊರೋನಾ ಬಂತು. ಹತ್ತು ದಿನ ಆಸ್ಪತ್ರೆ. ಪಕ್ಕದ ಬೆಡ್ಡಿನವರು ಉಸಿರಿಗೆ ಒದ್ದಾಡೋ ಸದ್ದು ಈಗಲೂ ಕಿವಿಯಲ್ಲಿದೆ. ಬಂದ ಮೇಲೆ ಬಿಟ್ಟೆ. ಎರಡು ತಿಂಗಳಿಗೆ ಮತ್ತೆ ಶುರು ಮಾಡಿದೆ. ಮತ್ತೆ ಬಿಟ್ಟೆ, ಚುನಾವಣೆ ಕೌಂಟಿಂಗ್ ರಾತ್ರಿ ಮತ್ತೆ ಹಚ್ಚಿದೆ. ಮೂರನೇ ಸಲ ಸಹಾಯವಾಣಿಗೆ ಫೋನ್ ಮಾಡಿ ಬಿಟ್ಟೆ. ಈಗ ಹದಿಮೂರು ತಿಂಗಳು. ಹಾಗಾಗಿ ನಾನು ನಿಮಗಿಂತ ಮೇಲೆ ನಿಂತು ಮಾತಾಡ್ತಿಲ್ಲ, ನಿಮ್ಮ ಪಕ್ಕದಲ್ಲೇ ಕೂತು ಮಾತಾಡ್ತಿದೀನಿ.

ಕುಡಿತಕ್ಕೆ ವಾಪಸ್ ಬರ್ತೀನಿ. 2020ರಲ್ಲಿ ಜಾಗ ಬದಲಾಯ್ತು ಅಂದೆ. 2021ರಲ್ಲಿ ಹೊತ್ತು ಬದಲಾಯ್ತು.

ಎರಡನೇ ಅಲೆ. ಏಪ್ರಿಲ್ 27ರ ರಾತ್ರಿಯಿಂದ ಕರ್ಫ್ಯೂ. ಈ ಸಲ ಸರ್ಕಾರ ವೈನ್ ಶಾಪ್ ಮುಚ್ಚಲಿಲ್ಲ. ಬೆಳಿಗ್ಗೆ 6ರಿಂದ 10ರವರೆಗೆ ಪಾರ್ಸೆಲ್ ಕೊಡಿ ಅಂದಿತು. ಹಾಲು, ತರಕಾರಿ, ಎಣ್ಣೆ, ಮೂರಕ್ಕೂ ಒಂದೇ ಹೊತ್ತು. ಕುಡಿತ ಚಟ ಹೋಗಿ ಕಾಯಿಲೆ ಆಗಿದೆಯಾ ಅಂತ ತಿಳಿಯೋಕೆ ಡಾಕ್ಟರ್‌ಗಳು ಕೇಳೋ ಪ್ರಶ್ನೆಗಳಲ್ಲಿ ಒಂದು, ‘ಬೆಳಿಗ್ಗೆ ಎದ್ದ ಕೂಡಲೇ ಬೇಕು ಅನ್ಸುತ್ತಾ?’ ಅನ್ನೋದು. ಸಂಜೆ ಕುಡಿಯೋರನ್ನ ನಾವು ಬೆಳಿಗ್ಗೆ ಆರಕ್ಕೆ ಕ್ಯೂ ನಿಲ್ಲಿಸಿದ್ವಿ. ಕೈಗೆ ಬಂದ ಬಾಟಲಿ ಸಂಜೆವರೆಗೆ ಮುಚ್ಚಳ ಹಾಕ್ಕೊಂಡು ಕೂತಿರುತ್ತಾ? ಕೆಲಸ ಬೇರೆ ಇಲ್ಲ. ಹಾಸನದಲ್ಲಂತೂ ಸೋಂಕು ಹೆಚ್ಚಿದೆ ಅಂತ ಬೇರೆ ಜಿಲ್ಲೆಗಳಿಗಿಂತ ಒಂದು ವಾರ ಜಾಸ್ತಿ, ಜೂನ್ 21ರವರೆಗೆ ನಿರ್ಬಂಧ ಇತ್ತು. ಎಂಟು ವಾರದ ಅಭ್ಯಾಸ ಅದು. ಅದೇ ಕಾಲದಲ್ಲಿ ಅಬಕಾರಿ ಖಾತೆ, ಹಾಸನ ಜಿಲ್ಲಾ ಉಸ್ತುವಾರಿ ಎರಡೂ ಸಚಿವ ಕೆ. ಗೋಪಾಲಯ್ಯ ಅವರ ಹತ್ತಿರವೇ ಇದ್ದವು. ಅವರೊಬ್ಬರನ್ನ ದೂರೋಕೆ ಇದನ್ನ ಹೇಳ್ತಿಲ್ಲ. ಯಾರೇ ಆ ಕುರ್ಚಿಯಲ್ಲಿದ್ರೂ ಒಂದು ಕೈಯಲ್ಲಿ ಆಸ್ಪತ್ರೆ ಬೆಡ್ ಲೆಕ್ಕ, ಇನ್ನೊಂದು ಕೈಯಲ್ಲಿ ಬಾಕ್ಸ್ ಮಾರಾಟದ ಲೆಕ್ಕ ಹಿಡೀಬೇಕಾಗಿತ್ತು. ನಮ್ಮ ಸರ್ಕಾರಗಳ ಸ್ಥಿತಿಯೇ ಅದು.

ಜಾಗ ಬದಲಾಯ್ತು, ಹೊತ್ತು ಬದಲಾಯ್ತು. ಬದಲಾಗದೇ ಇದ್ದಿದ್ದು ಯಾವುದು ಗೊತ್ತಾ? ಖಜಾನೆ.

2020-21ಕ್ಕೆ ಅಬಕಾರಿ ಆದಾಯದ ಗುರಿ 22,700 ಕೋಟಿ. ನಲವತ್ತು ದಿನ ಪೂರ್ತಿ ಬಂದ್, ನಾಲ್ಕು ತಿಂಗಳು ಬಾರ್ ಟೇಬಲ್ ಖಾಲಿ. ಆದರೂ ವರ್ಷದ ಕೊನೆಗೆ ಗುರಿ ದಾಟಿ 23 ಸಾವಿರ ಕೋಟಿ ಮೀರಿತು. ಹೇಗೆ? ಬಜೆಟ್‌ನಲ್ಲಿ ಹೇಳಿದ್ದ ಶೇ. 6ರ ಜೊತೆ, ಅಂಗಡಿ ತೆಗೆದ ಮೂರನೇ ದಿನವೇ ಇನ್ನೂ ಶೇ. 11 ಸುಂಕ ಏರಿಸಿದ್ರು. ದೆಹಲಿಯವರು ಶೇ. 70 ಕೊರೋನಾ ಶುಲ್ಕ ಹಾಕಿದ್ರು. ರೇಟ್ ಜಾಸ್ತಿ ಆದ್ರೆ ಕುಡಿಯೋದು ಕಮ್ಮಿ ಆಗುತ್ತೆ ಅಂತಾರಲ್ಲ, ಕಮ್ಮಿ ಆಗಿದ್ದು ಬಿಯರ್. ಕೂಲಿಯವನು ಕುಡಿಯೋ ಅಗ್ಗದ ಪಾಕೆಟ್ ಅಲ್ಲ. ಅವನು ಕುಡಿತ ಕಮ್ಮಿ ಮಾಡಲ್ಲ, ಮನೆ ಖರ್ಚು ಕಮ್ಮಿ ಮಾಡ್ತಾನೆ. ಈ ವರ್ಷದ ಗುರಿ 29,000 ಕೋಟಿ. ದಿನಕ್ಕೆ ಸುಮಾರು 79 ಕೋಟಿ.

ಸಂವಿಧಾನದ 47ನೇ ವಿಧಿ ಮದ್ಯಪಾನ ನಿಷೇಧಕ್ಕೆ ಸರ್ಕಾರ ಪ್ರಯತ್ನ ಮಾಡಬೇಕು ಅನ್ನುತ್ತೆ. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದು ಅದನ್ನೇ ಕೇಳಿದ್ರು. ಹಾಗಾದ್ರೆ ಪೂರ್ತಿ ನಿಷೇಧ ಮಾಡಿ ಅಂತ ನಾನು ಹೇಳ್ತೀನಾ? ಇಲ್ಲ. 2007ರ ಜುಲೈ 1ಕ್ಕೆ ಸಾರಾಯಿ ನಿಷೇಧ ಆಯ್ತು. ಸಾರಾಯಿ ಹೋಯ್ತು, ಅದರ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮು ಬಂತು. ಬಿಡೋಕೆ ಆಸರೆ ಇಲ್ಲದ ನಿಷೇಧ ಬರೀ ಅಂಗಡಿ ಬದಲಾವಣೆ. ಕೊರೋನಾದ ನಲವತ್ತು ದಿನ ಅದನ್ನೇ ಇನ್ನೊಮ್ಮೆ ತೋರಿಸಿತು. ಬಿಡಬಲ್ಲವರು ಬಿಟ್ಟರು. ಒಬ್ಬರೇ ಬಿಡಲಾಗದವರು ನರಳಿದ್ರು. ಇಬ್ಬರಿಗೂ ಸರ್ಕಾರದಿಂದ ಒಂದು ಫೋನ್ ಕೂಡ ಹೋಗಲಿಲ್ಲ. ಮೇ 4ಕ್ಕೆ ಇಬ್ಬರನ್ನೂ ಒಂದೇ ಕ್ಯೂನಲ್ಲಿ ನಿಲ್ಲಿಸಿದ್ವಿ.

ನನ್ನ ಬೇಡಿಕೆ ಸಣ್ಣದು. ನೂರಕ್ಕೆ ಒಂದು. 29,000 ಕೋಟಿಯಲ್ಲಿ ಶೇ. 1 ಅಂದ್ರೆ 290 ಕೋಟಿ. ರಾಜ್ಯದ 230ಕ್ಕೂ ಹೆಚ್ಚು ತಾಲ್ಲೂಕಿಗೆ ಹಂಚಿದ್ರೆ ತಾಲ್ಲೂಕಿಗೆ ಒಂದು ಕೋಟಿಗೂ ಮೇಲೆ ಬರುತ್ತೆ. ಅರಸೀಕೆರೆ ಆಸ್ಪತ್ರೆಯಲ್ಲಿ ಹತ್ತು ಬೆಡ್, ಬೇಲೂರು ಆಸ್ಪತ್ರೆಯಲ್ಲಿ ಹತ್ತು ಬೆಡ್, ಕುಡಿತ ಬಿಡಿಸೋಕೆ ಅಂತಲೇ. ಒಬ್ಬ ಆಪ್ತಸಮಾಲೋಚಕ. ಬಿಟ್ಟವನ ಮನೆಗೆ ತಿಂಗಳಿಗೊಮ್ಮೆ ಹೋಗಿ ಹೇಗಿದ್ದೀಯಪ್ಪ ಅಂತ ಕೇಳೋಕೆ ಒಬ್ಬರು. ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಊರೂರಲ್ಲಿ ಮದ್ಯವರ್ಜನ ಶಿಬಿರ ಮಾಡಿ, ಬಿಟ್ಟವರದ್ದೇ ನವಜೀವನ ಸಮಿತಿ ಕಟ್ಟಿ ಅದನ್ನ ನಡೆಸ್ತಾರೆ. ಒಂದು ಸಂಸ್ಥೆಗೆ ಆಗೋದು 29,000 ಕೋಟಿ ತಗೊಳ್ಳೋ ಸರ್ಕಾರಕ್ಕೆ ಯಾಕೆ ಆಗಲ್ಲ? ಮತ್ತೆ, ಹಳ್ಳಿ ಚಿಲ್ಲರೆ ಅಂಗಡಿಯಲ್ಲಿ ಬೇಳೆ ಜೊತೆ ಪಾಕೆಟ್ ಮಾರೋದನ್ನ ನಿಲ್ಲಿಸೋಕೆ ದುಡ್ಡೂ ಬೇಡ, ಮನಸ್ಸು ಸಾಕು.

ಕೊನೆಗೆ ನಿಮಗೆ. ಸರ್ಕಾರ ಮಾಡೋವರೆಗೆ ಕಾಯಬೇಡಿ.

ದಿನಾ ಜಾಸ್ತಿ ಕುಡಿಯೋರಾದ್ರೆ ದಯವಿಟ್ಟು ಒಮ್ಮೆಲೇ ನಿಲ್ಲಿಸೋ ಸಾಹಸ ಒಬ್ಬರೇ ಮಾಡಬೇಡಿ. ಡಾಕ್ಟರ್ ಹತ್ತಿರ ಹೋಗಿ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರೋ ಮನೋಚೈತನ್ಯ ಅನ್ನೋ ಸರ್ಕಾರಿ ಕಾರ್ಯಕ್ರಮ ಇದೆ. ಹಾಸನದ ಹಿಮ್ಸ್ ಆಸ್ಪತ್ರೆ ಇದೆ. ವ್ಯಸನ ಬಿಡಿಸೋ ಸಹಾಯವಾಣಿ 14446. ಬೀಡಿ, ಸಿಗರೇಟು, ತಂಬಾಕು ಬಿಡೋಕೆ 1800-11-2356. ನಿಮ್ಮ ಪ್ಯಾಕಿನ ಮೇಲೆಯೇ ಆ ನಂಬರ್ ಇದೆ, ನೋಡಿ. ಬೆಂಗಳೂರಿನ ನಿಮ್ಹಾನ್ಸ್‌ನಿಂದ ಕನ್ನಡದಲ್ಲೇ ಮಾತಾಡ್ತಾರೆ. ತಂಬಾಕು ಬಿಟ್ಟ ಮೊದಲ ಮೂರು ದಿನ ಬಹಳ ಕಷ್ಟ. ಮೂರು ನಾಲ್ಕು ವಾರಕ್ಕೆ ದೇಹದ ಹಟ ಬಹಳಷ್ಟು ಇಳಿಯುತ್ತೆ. ನಲವತ್ತು ದಿನ ಅಂದ್ರೆ ಕಠಿಣ ಘಟ್ಟ ಹತ್ತಿ ಇಳಿದ ಹಾಗೆ. ನೀವು ಒಮ್ಮೆ ಆ ಘಟ್ಟ ದಾಟಿದ್ರಿ, ನೆನಪಿದೆಯಾ?

ಅರಸೀಕೆರೆಯ ಆ ಹೆಂಗಸಿಗೆ ಹೊರಡೋ ಮುಂಚೆ ಕೇಳಿದೆ, ‘ಅಕ್ಕ, ಟಿ.ವಿ.ಯಲ್ಲಿ ನಿಮ್ಮ ಪರವಾಗಿ ಏನು ಹೇಳ್ಲಿ?’ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕಾಯಿಲೆ ಬಂದ್ರೆ ಮಾತ್ರ ಮುಚ್ಚೋಕೆ ಆಗುತ್ತಾ ಅಣ್ಣ? ಕಾಯಿಲೆ ಇಲ್ಲದಾಗ ಆಗಲ್ವಾ?’ ಅಂದ್ರು. ಮಗಳು ಒಳಗಿಂದ ಇಣುಕಿ ನೋಡ್ತಿದ್ಲು. ಗರಿಯ ಪೀಪಿ ಆಮೇಲೆ ಯಾರೂ ಮಾಡಿಕೊಟ್ಟಿಲ್ವಂತೆ.

ಉತ್ತರ ನನ್ನ ಹತ್ತಿರ ಇರಲಿಲ್ಲ. ವಿಧಾನಸೌಧದ ಹತ್ತಿರ ಇದ್ರೆ ಹೇಳಲಿ, ಇದೇ ಹೊತ್ತಿಗೆ ನಾನು ಓದಿ ಹೇಳ್ತೀನಿ.